ಡಿಸ್ಕ್ ರೀಬಿಲ್ಡ್ ಆಗುವಾಗಲೂ ಮನೆಯ ಸರ್ವರ್ ನಡೆಯುತ್ತಿರಲು ಏನು ಮಾಡಬೇಕು

ಮನೆಯ ಒಂದು ಕೋಣೆಯಲ್ಲೇ ಫೋಟೊ ಸ್ಟುಡಿಯೊ, ಡಿಟಿಪಿ ಕೆಲಸ, ಜೀನ್ಸ್ ಹೊಲಿಗೆ ಘಟಕ, ರೈಸ್‌ಮಿಲ್ಲಿನ ಲೆಕ್ಕಪತ್ರ ನಡೆಸುತ್ತ, ಫೈಲುಗಳಿಗೆಂದು ನಾಲ್ಕು ಡಿಸ್ಕಿನ ಸರ್ವರ್ ಇಟ್ಟುಕೊಂಡವರಿಗಾಗಿ ಈ ಲೇಖನ. ಡಿಸ್ಕ್ ಯಾವ ತಿಂಗಳಲ್ಲಾದರೂ ಕೆಡಬಹುದು. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್-ಮೇ ಬಂತೆಂದರೆ ಕಷ್ಟಗಳೆಲ್ಲ ಒಟ್ಟಿಗೇ ಬರುತ್ತವೆ. ಮದುವೆ ಸೀಸನ್ ಜೋರಾಗಿರುತ್ತದೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ, ಸಂಜೆ ಗಾಳಿ-ಗುಡುಗಿನ ಅಡ್ಡಮಳೆ ಬಂದರೆ ಕರೆಂಟ್ ಹೋಗುತ್ತದೆ. ಆಲ್ಬಮ್ ಕೊಡಬೇಕಾದ ವಾರದಲ್ಲಿ ಸರ್ವರ್ ಮುಚ್ಚಿ ಕೂರುವ ಹಾಗಿಲ್ಲ.

ರೇಡ್ (ಒಂದು ಡಿಸ್ಕ್ ಕೆಟ್ಟರೂ ಫೈಲುಗಳು ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ) ಮಾಡಿಟ್ಟಿದ್ದರೆ ಒಂದು ಡಿಸ್ಕ್ ಕೆಟ್ಟ ಮಾತ್ರಕ್ಕೆ ಸರ್ವರ್ ನಿಲ್ಲುವುದಿಲ್ಲ. ನಿಜವಾದ ಅಪಾಯವಿರುವುದು ಆಮೇಲೆ, ಹೊಸ ಡಿಸ್ಕ್ ಹಾಕಿ ರೀಬಿಲ್ಡ್ (ಕೆಟ್ಟ ಡಿಸ್ಕಿನಲ್ಲಿದ್ದುದನ್ನು ಉಳಿದವುಗಳಿಂದ ಹೊಸದರಲ್ಲಿ ಮತ್ತೆ ತುಂಬುವುದು) ಮುಗಿಯುವವರೆಗಿನ ಹೊತ್ತಿನಲ್ಲಿ. ಅಲ್ಲಿಯವರೆಗೆ ಆರಾಮಾಗಿದ್ದ ಉಳಿದ ಮೂರು ಡಿಸ್ಕ್‌ಗಳನ್ನು ಆಗ ಮೊದಲ ಸೆಕ್ಟರಿನಿಂದ (ಡಿಸ್ಕಿನಲ್ಲಿ ಡೇಟಾ ಇಡುವ ಚಿಕ್ಕ ಖಾನೆ) ಕೊನೆಯ ಸೆಕ್ಟರಿನವರೆಗೆ ಒಂದೂ ಬಿಡದೆ ಓದಬೇಕಾಗುತ್ತದೆ. ಅದರ ಮೇಲೆ ದಿನದ ಕೆಲಸವೂ ಬಿದ್ದರೆ ರೀಬಿಲ್ಡ್ ನಿಧಾನವಾಗುತ್ತದೆ, ಡಿಸ್ಕ್ ಬಿಸಿಯಾಗುತ್ತದೆ, ಅಪಾಯದ ಹೊತ್ತು ಉದ್ದವಾಗುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ನಿಯಮದ ಸುತ್ತ ಇದೆ: ಆ ಒಂದೆರಡು ದಿನ ಸರ್ವರಿನಿಂದ ಓದುವುದು ನಡೆಯಲಿ, ಹೊಸದಾಗಿ ಬರೆಯುವುದು ಬೇರೆ ಕಡೆ ಹೋಗಲಿ.

ಕೆಟ್ಟಿದ್ದು ಡಿಸ್ಕೋ ಕೇಬಲ್ಲೋ

‘ಡಿಗ್ರೇಡೆಡ್’ (ರೇಡ್‌ನಲ್ಲಿ ಒಂದು ಡಿಸ್ಕ್ ಕಡಿಮೆಯಾಗಿದೆ) ಎಂಬ ಎಚ್ಚರಿಕೆ ಬಂದ ಕೂಡಲೇ ಸರ್ವರನ್ನು ರೀಸ್ಟಾರ್ಟ್ ಮಾಡಬೇಡಿ. ಸಾಯುವ ಹಂತದಲ್ಲಿರುವ ಡಿಸ್ಕ್ ಒಮ್ಮೆ ತಿರುಗುವುದನ್ನು ನಿಲ್ಲಿಸಿದರೆ ಮತ್ತೆ ಎದ್ದೇಳದೇ ಹೋಗಬಹುದು. ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆಯಿರಿ. ಅದರಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. 5 ಎಂಬ ಸಂಖ್ಯೆಯ ಸಾಲು, ಕೆಟ್ಟು ಬದಲಾಯಿಸಲಾದ ಸೆಕ್ಟರ್‌ಗಳ ಎಣಿಕೆ. 197, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. 198, ಸರಿಪಡಿಸಲಾಗದವು. ಈ ಮೂರರಲ್ಲಿ ಯಾವುದಾದರೂ ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ ಎಂದೇ ಲೆಕ್ಕ. ಇವು ಮೂರೂ ಸೊನ್ನೆಯಿದ್ದು 199 ಮಾತ್ರ ಏರಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ಲಿನದು. ಅದು ಡಿಸ್ಕಿಗೂ ಬೋರ್ಡಿಗೂ ನಡುವೆ ಡೇಟಾ ಹಾಳಾಗಿ ಬಂದ ಸಲದ ಎಣಿಕೆ. ಸಾಟಾ ಕೇಬಲ್ ಬದಲಿಸಿ, ಅದೇ ಡಿಸ್ಕನ್ನು ಮತ್ತೆ ಸೇರಿಸಿ ನೋಡಿ. 199ರ ಎಣಿಕೆ ಎಂದೂ ಇಳಿಯುವುದಿಲ್ಲ. ಹಾಗಾಗಿ ಇವತ್ತಿನ ಅಂಕಿ ಬರೆದಿಟ್ಟುಕೊಂಡು ನಾಳೆ ಅದು ಏರಿದೆಯೇ ಎಂದು ನೋಡಬೇಕು. ಕೇಬಲ್ಲಿನ ತಪ್ಪಿಗೆ ಹೊಸ ಡಿಸ್ಕ್ ಕೊಂಡು, ಅದೇ ಹಳೆಯ ಕೇಬಲ್ಲಿಗೆ ಸಿಕ್ಕಿಸಿ, ರೀಬಿಲ್ಡ್ ಅರ್ಧಕ್ಕೇ ಬೀಳುವುದು ಬಹಳ ಸಲ ನಡೆಯುವ ಎಡವಟ್ಟು.

ಮೂರನೆಯ ಕಾರಣವೂ ಒಂದಿದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದಲಾಗದಿದ್ದರೆ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರುತ್ತದೆ. ಸರ್ವರ್ ನಡೆಸುವ ಲಿನಕ್ಸ್ ವ್ಯವಸ್ಥೆ 30 ಸೆಕೆಂಡ್ ಕಾದು, ಉತ್ತರ ಬರಲಿಲ್ಲವೆಂದು ಆ ಡಿಸ್ಕಿನ ಸಂಪರ್ಕವನ್ನೇ ರೀಸೆಟ್ ಮಾಡುತ್ತದೆ. ಕೊನೆಗೆ ರೇಡ್ ಆ ಡಿಸ್ಕನ್ನು ಹೊರಗೆ ಹಾಕುತ್ತದೆ. ನ್ಯಾಸ್‌ಗೆಂದೇ, ಅಂದರೆ ನೆಟ್‌ವರ್ಕ್ ಮೂಲಕ ಫೈಲು ಕೊಡುವ ಸರ್ವರಿಗೆಂದೇ, ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೇ ‘ಆಗಲಿಲ್ಲ’ ಎಂದು ಹೇಳಿಬಿಡುತ್ತವೆ, ರೇಡ್ ಉಳಿದ ಡಿಸ್ಕ್‌ಗಳಿಂದ ಆ ತುಣುಕನ್ನು ಲೆಕ್ಕ ಹಾಕಿ ಕೊಡುತ್ತದೆ. ನಿಮ್ಮವು ಡೆಸ್ಕ್‌ಟಾಪ್ ಡಿಸ್ಕ್‌ಗಳಾಗಿದ್ದರೆ ರೀಬಿಲ್ಡ್ ಶುರು ಮಾಡುವ ಮುಂಚೆ ಈ ಕಾಯುವ ಮಿತಿಯನ್ನು 7 ಸೆಕೆಂಡಿಗೆ ಇಳಿಸಲು ನೋಡಿ. ಡಿಸ್ಕ್ ಅದಕ್ಕೆ ಒಪ್ಪದಿದ್ದರೆ ಲಿನಕ್ಸ್ ಕಡೆಯ ಮಿತಿಯನ್ನು 180 ಸೆಕೆಂಡಿಗೆ ಏರಿಸಿ. ಸರ್ವರ್ ರೀಸ್ಟಾರ್ಟ್ ಆದರೆ ಎರಡೂ ಹಳೆಯ ಸ್ಥಿತಿಗೆ ಮರಳಬಹುದು, ಆದ್ದರಿಂದ ಸರ್ವರ್ ಶುರುವಾಗುವಾಗ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಿ ಇದನ್ನು ಹಾಕಿಡಿ.

ಯಾವ ಡಿಸ್ಕ್ ಎಂಬುದನ್ನು ಸೀರಿಯಲ್ ನಂಬರಿನಿಂದಲೇ ಗುರುತಿಸಿ. ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಪ್ರತಿ ಸಲ ಆನ್ ಮಾಡಿದಾಗ ಅದಲುಬದಲಾಗಬಹುದು. ಡಿಸ್ಕ್‌ಗಳೆಲ್ಲ ಚೆನ್ನಾಗಿರುವಾಗಲೇ ಪ್ರತಿ ಟ್ರೇ ಮುಂದೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಸ್ಟಿಕ್ಕರ್ ಅಂಟಿಸಿರಬೇಕು. ಒಂದೇ ಡಿಸ್ಕಿನ ನಷ್ಟ ತಡೆಯುವ ರೇಡ್ 5ರಲ್ಲಿ ಒಂದು ಡಿಸ್ಕ್ ಹೋಗಿರುವಾಗ ಕೈತಪ್ಪಿ ಒಳ್ಳೆಯ ಡಿಸ್ಕ್ ಎಳೆದರೆ ಆ ಕ್ಷಣಕ್ಕೇ ಎಲ್ಲ ಫೈಲುಗಳೂ ಮರೆಯಾಗುತ್ತವೆ. ಹಾಗೆ ಆಗಿಬಿಟ್ಟರೆ ಗಾಬರಿಯಾಗಿ ‘ಕ್ರಿಯೇಟ್’, ‘ಇನಿಷಿಯಲೈಸ್’ ಎಂದು ಕೇಳುವ ಯಾವುದಕ್ಕೂ ಒಪ್ಪಬೇಡಿ. ಸರ್ವರ್ ಆಫ್ ಮಾಡಿ, ಡಿಸ್ಕನ್ನು ಅದೇ ಜಾಗಕ್ಕೆ ಹಾಕಿ, ಇರುವ ರೇಡನ್ನೇ ಮತ್ತೆ ಜೋಡಿಸಿ. ಹೆಚ್ಚಿನ ಸಲ ಮರಳಿ ಬರುತ್ತದೆ.

ಹೊಸ ಡಿಸ್ಕ್ ಮನೆಯಲ್ಲೇ ಇರಬೇಕು

ನ್ಯಾಸ್ ಡಿಸ್ಕ್ ನಮ್ಮ ಊರಿನ ಅಂಗಡಿಯಲ್ಲಿ ಕೇಳಿದ ದಿನವೇ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ತರಿಸುವಷ್ಟು ದಿನವೂ ರೇಡ್ 5 ಯಾವ ರಕ್ಷಣೆಯೂ ಇಲ್ಲದೆ ನಡೆಯುತ್ತಿರುತ್ತದೆ. ಅವಸರಕ್ಕೆ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸುವವರು ಡಿಸ್ಕಿನ ಸುತ್ತ ನಾಲ್ಕೂ ಕಡೆ ಕನಿಷ್ಠ ಎರಡು ಇಂಚು ಫೋಮ್ ಇಡಲು ಹೇಳಿ. ಡಿಕ್ಕಿಯಲ್ಲಿ ಚೀಲಗಳ ನಡುವೆ ಕುಲುಕಾಡಿ ಬಂದ ಡಿಸ್ಕನ್ನು ಪರೀಕ್ಷೆ ಮಾಡದೆ ರೇಡ್‌ಗೆ ಸೇರಿಸುವುದು ಹೊಸ ತೊಂದರೆಯನ್ನು ಕೈಯಾರೆ ತಂದುಕೊಂಡಂತೆ. ಒಂದು ಸ್ಪೇರ್ ಡಿಸ್ಕ್ ಮೊದಲೇ ಕೊಂಡು, ಪರೀಕ್ಷಿಸಿ, ಬೀರುವಿನಲ್ಲಿ ಇಡುವುದೇ ಸರಿಯಾದ ದಾರಿ. ಪೂರ್ತಿ ಡಿಸ್ಕ್ ಬರೆದು-ಓದಿ ನೋಡುವ ಬ್ಯಾಡ್‌ಬ್ಲಾಕ್ಸ್ ಪರೀಕ್ಷೆ ನಾಲ್ಕು ಸಲ ಬರೆದು ನಾಲ್ಕು ಸಲ ಓದುತ್ತದೆ. 4 ಟಿಬಿ ಡಿಸ್ಕಿಗೆ ಅದು ಸುಮಾರು ಎರಡೂವರೆ ದಿನ. ಡಿಸ್ಕ್ ಕೆಟ್ಟ ದಿನ ಅಷ್ಟು ಕಾಯಲು ಆಗುವುದಿಲ್ಲ, ಕೊಂಡ ದಿನ ಧಾರಾಳವಾಗಿ ಆಗುತ್ತದೆ.

ಕೊಳ್ಳುವಾಗ ನೋಡಬೇಕಾದ ಮುಖ್ಯ ಸಂಗತಿ ಸಿಎಮ್‌ಆರ್ (ಡೇಟಾ ಬರೆಯುವ ಸುತ್ತುಗಳಾದ ಟ್ರ್ಯಾಕ್‌ಗಳು ಬೇರೆ ಬೇರೆಯಾಗಿರುವ ಡಿಸ್ಕ್) ಹೌದೋ ಅಲ್ಲವೋ ಎಂಬುದು. ಎಸ್‌ಎಮ್‌ಆರ್ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿಕೊಂಡಿರುತ್ತವೆ. ಒಂದು ಕಡೆ ತಿದ್ದಿ ಬರೆಯಲು ಪಕ್ಕದ ಟ್ರ್ಯಾಕ್‌ಗಳನ್ನೂ ಮತ್ತೆ ಬರೆಯಬೇಕು. ಸಣ್ಣ ಬರೆಹಗಳನ್ನು ಅದು ಒಂದು ಮೀಸಲು ಜಾಗದಲ್ಲಿ ತುಂಬಿಕೊಂಡು ಆಮೇಲೆ ಹೊಂದಿಸುತ್ತದೆ. ರೀಬಿಲ್ಡ್‌ನಲ್ಲಿ ಬರೆಹ ಬಿಡುವಿಲ್ಲದೆ ಬರುವುದರಿಂದ ಆ ಜಾಗ ತುಂಬಿ, ವೇಗ ನೆಲ ಕಚ್ಚುತ್ತದೆ. ಝೆಡ್‌ಎಫ್‌ಎಸ್‌ನಲ್ಲಿ (ರೇಡ್ ಕೆಲಸವನ್ನೂ ತಾನೇ ಮಾಡುವ ಫೈಲ್ ವ್ಯವಸ್ಥೆ) ಡಿಸ್ಕ್ ಹೊರಗೇ ಬೀಳಬಹುದು. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕ್‌ಗಳು ಎಸ್‌ಎಮ್‌ಆರ್ ಎಂದು ಪಟ್ಟಿ ಪ್ರಕಟಿಸಿತು. ರೆಡ್ ಪ್ಲಸ್, ರೆಡ್ ಪ್ರೊ ಮತ್ತು ಸೀಗೇಟ್‌ನ ಐರನ್‌ವುಲ್ಫ್ ಸಿಎಮ್‌ಆರ್. ಹೆಸರು ನೋಡಿ ಬಿಡದೆ ಮಾಡೆಲ್ ನಂಬರನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿ ನೋಡಿ. ಅಳತೆಯ ವಿಚಾರದಲ್ಲೂ ಹುಷಾರು: ಎರಡು ಕಂಪನಿಗಳ ‘4 ಟಿಬಿ’ಗಳು ಕೆಲವು ಸೆಕ್ಟರ್‌ಗಳಷ್ಟು ಹೆಚ್ಚುಕಡಿಮೆ ಇರಬಹುದು, ಹೊಸದು ಒಂದೇ ಒಂದು ಸೆಕ್ಟರ್ ಚಿಕ್ಕದಿದ್ದರೂ ರೇಡ್ ಒಪ್ಪದಿರಬಹುದು.

ರೀಬಿಲ್ಡ್‌ಗೆ ಮುಂಚೆ ಒಂದು ನಕಲು

ಹೊಸ ಡಿಸ್ಕ್ ಕೈಯಲ್ಲಿದ್ದರೂ ತಕ್ಷಣ ಹಾಕಲು ಹೋಗಬೇಡಿ. ಮತ್ತೆ ಸಿಗದಂಥ ಫೈಲುಗಳನ್ನು ಮೊದಲು ಒಂದು ಯುಎಸ್‌ಬಿ ಡಿಸ್ಕಿಗೆ ಇಳಿಸಿಕೊಳ್ಳಿ. ಇನ್ನೂ ಗಿರಾಕಿಗೆ ಕೊಡದ ಮದುವೆಗಳ ಮೂಲ ಫೋಟೊ-ವಿಡಿಯೊ, ಈ ವರ್ಷದ ಲೆಕ್ಕದ ಕಡತ, ಅಷ್ಟು ಸಾಕು. 300 ಜಿಬಿ ಓದುವುದು ಡಿಸ್ಕ್‌ಗಳಿಗೆ ಒಂದು ತಾಸಿನ ಕೆಲಸ. 4 ಟಿಬಿಯ ಡಿಸ್ಕ್‌ಗಳಾಗಿದ್ದರೆ ರೀಬಿಲ್ಡ್ ಎಂದರೆ ಮೂರರಿಂದ ಒಟ್ಟು 12 ಟಿಬಿ ಓದು. ಸಾಮಾನ್ಯ ಡಿಸ್ಕ್‌ಗಳ ವಿವರಣೆಯಲ್ಲಿ ಹತ್ತರ ಹದಿನಾಲ್ಕನೇ ಘಾತದಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಸೆಕ್ಟರ್ ಓದಲಾಗದೇ ಹೋಗಬಹುದು ಎಂದು ಬರೆದಿರುತ್ತದೆ. ಅದು ಸುಮಾರು 12.5 ಟಿಬಿ. ನಿಜದಲ್ಲಿ ಹೆಚ್ಚಿನ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ಓದುತ್ತವೆ. ಆದರೂ ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಕೆಟ್ಟ ಸೆಕ್ಟರ್ ಇದ್ದರೆ ಅದು ಮೊದಲ ಸಲ ಕಾಣಿಸುವುದು ಇದೇ ರೀಬಿಲ್ಡ್‌ನಲ್ಲಿ. ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಡಿಸ್ಕ್‌ಗಳನ್ನೂ ಓದಿ ಪರೀಕ್ಷಿಸುವುದು) ಮಾಡಿಸಿ ಎಂದು ಒತ್ತಿ ಹೇಳುವುದು ಇದಕ್ಕೇ. ಡಿಸ್ಕ್‌ಗಳೆಲ್ಲ ಇರುವಾಗ ಸಿಕ್ಕ ಕೆಟ್ಟ ಸೆಕ್ಟರ್ ತಾನೇ ಸರಿಯಾಗುತ್ತದೆ, ಒಂದು ಡಿಸ್ಕ್ ಹೋದ ಮೇಲೆ ಸಿಕ್ಕಿದ್ದಕ್ಕೆ ರೇಡ್ 5ರಲ್ಲಿ ಪರಿಹಾರವಿಲ್ಲ.

ಹಳೆಯ ಡಿಸ್ಕನ್ನು ಎಳೆಯುವ ಮುಂಚೆ

ಡಿಸ್ಕ್ ಪೂರ್ತಿ ಸತ್ತಿಲ್ಲದಿದ್ದರೆ, ಕೆಟ್ಟ ಸೆಕ್ಟರ್‌ಗಳಿದ್ದೂ ಇನ್ನೂ ಓದಲು ಬರುತ್ತಿದ್ದರೆ, ಅದನ್ನು ತೆಗೆದುಹಾಕಬೇಡಿ. ಖಾಲಿ ಸಾಟಾ ಪೋರ್ಟಿಗೆ ಹೊಸದನ್ನು ಸೇರಿಸಿ, ‘ರಿಪ್ಲೇಸ್’ ಆಜ್ಞೆ ಕೊಡಿ. ಲಿನಕ್ಸ್‌ನ ರೇಡ್ ಸಾಧನ ಎಂಡಿಆಡ್ಮ್, ಝೆಡ್‌ಎಫ್‌ಎಸ್ ಎರಡರಲ್ಲೂ ಈ ಸೌಲಭ್ಯವಿದೆ. ಹಳೆಯದರಿಂದ ಹೊಸದಕ್ಕೆ ನೇರವಾಗಿ ನಕಲಾಗುತ್ತದೆ, ಹಳೆಯದರಲ್ಲಿ ಓದಲಾಗದ ತುಣುಕುಗಳನ್ನು ಮಾತ್ರ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ತುಂಬುತ್ತದೆ. ಕೊನೆಯ ಕ್ಷಣದವರೆಗೂ ರಕ್ಷಣೆ ಉಳಿದಿರುತ್ತದೆ, ನಕಲಾಗುವಾಗ ಸರ್ವರ್ ಒಂದು ನಿಮಿಷವೂ ನಿಲ್ಲುವುದಿಲ್ಲ. ಇಷ್ಟು ಒಳ್ಳೆಯ ದಾರಿ ಇರುವಾಗ ಮೊದಲು ಎಳೆದು ಆಮೇಲೆ ಹಾಕುವ ಅಭ್ಯಾಸ ಬಿಡಬೇಕು. ಇದಕ್ಕಾಗಿಯೇ ಸರ್ವರ್ ಕಟ್ಟಿಸುವಾಗ ಒಂದು ಪೋರ್ಟ್ ಮತ್ತು ಒಂದು ಪವರ್ ಕನೆಕ್ಟರ್ ಖಾಲಿ ಬಿಡಿಸಿಕೊಳ್ಳಿ.

ಟ್ರೇ ಇರುವ ನ್ಯಾಸ್ ಪೆಟ್ಟಿಗೆಯಲ್ಲಿ ಆನ್ ಇರುವಾಗಲೇ ಡಿಸ್ಕ್ ಬದಲಿಸಬಹುದು. ಪಿಸಿ ಕ್ಯಾಬಿನೆಟ್ಟಿನಲ್ಲಿ ಕಟ್ಟಿದ ಸರ್ವರಿನಲ್ಲಿ ಹಾಗೆ ಮಾಡಬೇಡಿ. ಇಕ್ಕಟ್ಟಿನಲ್ಲಿ ಪಕ್ಕದ ಡಿಸ್ಕಿನ ಪವರ್ ಕೇಬಲ್ ಸಡಿಲವಾದರೆ ಎರಡನೆಯ ಡಿಸ್ಕೂ ಹೊರಬೀಳುತ್ತದೆ. ಎಲ್ಲರಿಗೂ ಹೇಳಿ, ಸರಿಯಾಗಿ ಶಟ್‌ಡೌನ್ ಮಾಡಿ, ಹತ್ತು ನಿಮಿಷದಲ್ಲಿ ಬದಲಿಸಿ ಆನ್ ಮಾಡಿ. ಹೇಳಿ ನಿಲ್ಲಿಸಿದ ಹತ್ತು ನಿಮಿಷದಿಂದ ಯಾರ ಕೆಲಸವೂ ಕೆಡುವುದಿಲ್ಲ.

ಓದು ಇಲ್ಲಿ, ಬರೆಹ ಅಲ್ಲಿ

ಈಗ ಮುಖ್ಯ ಕೆಲಸ. ಕೆಲಸ ಮಾಡುವ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಾಲು ಹಾಕಿ: ‘ನಾಳೆ ಸಂಜೆವರೆಗೆ ಸರ್ವರ್ ಓದಲು ಮಾತ್ರ. ತೆರೆದಿರುವ ಫೈಲ್ ಈಗಲೇ ಸೇವ್ ಮಾಡಿ ಮುಚ್ಚಿ. ಹೊಸ ಕಾರ್ಡ್ ಇಳಿಸುವುದು ಎಸ್‌ಎಸ್‌ಡಿಗೆ, ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.’ ಹೇಳದೆ ಮಾಡಿದರೆ ಆಲ್ಬಮ್ ಡಿಸೈನ್ ಅರ್ಧ ಮಾಡಿದವರು ಸೇವ್ ಒತ್ತಿದಾಗ ಎರರ್ ಬಂದು ಬೆಳಗಿನಿಂದ ಮಾಡಿದ ಕೆಲಸ ಹೋಗುತ್ತದೆ. ಎಲ್ಲರೂ ಮುಚ್ಚಿದ ಮೇಲೆ ಫೈಲು ಹಂಚುವ ಸಾಂಬಾ ತಂತ್ರಾಂಶದ ಶೇರಿನ (ಎಲ್ಲರೂ ಬಳಸುವ ಫೋಲ್ಡರ್) ‘ರೀಡ್ ಓನ್ಲಿ’ ಆಯ್ಕೆಯನ್ನು ‘ಯೆಸ್’ ಮಾಡಿ. ಆಗಲೇ ತೆರೆದಿದ್ದ ಸಂಪರ್ಕಗಳು ಹಳೆಯ ಅನುಮತಿಯಲ್ಲೇ ಮುಂದುವರಿಯಬಹುದು, ಆದ್ದರಿಂದ ಎಲ್ಲ ಕಂಪ್ಯೂಟರ್‌ಗಳನ್ನೂ ಒಮ್ಮೆ ಡಿಸ್ಕನೆಕ್ಟ್ ಮಾಡಿ ಮತ್ತೆ ಸೇರಿಸಿ.

ಹೊಸ ಬರೆಹಕ್ಕೆ 1 ಟಿಬಿಯ ಒಂದು ಎಸ್‌ಎಸ್‌ಡಿಯನ್ನು ಸರ್ವರಿಗೇ ಯುಎಸ್‌ಬಿಯಲ್ಲಿ ಸೇರಿಸಿ, ‘ಹೊಸದು’ ಎಂಬ ಹೆಸರಿನಲ್ಲಿ ಬೇರೆ ಶೇರ್ ಮಾಡಿ ಕೊಡಿ. ಅದು ರೇಡ್‌ನ ಹೊರಗಿನ ಒಂಟಿ ಡಿಸ್ಕ್, ಅದರಲ್ಲಿರುವುದಕ್ಕೆ ಎರಡನೆಯ ನಕಲು ಕ್ಯಾಮೆರಾ ಕಾರ್ಡಿನಲ್ಲೇ ಉಳಿದಿರಬೇಕು. ಆ ಎರಡು ದಿನಕ್ಕೆ ನಾಲ್ಕು ಕಾರ್ಡ್ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಆಮೇಲೆ ಹಿನ್ನೆಲೆಯಲ್ಲಿ ಓಡುವ ಕೆಲಸಗಳನ್ನು ನಿಲ್ಲಿಸಿ: ಫೋಟೊಗಳ ಥಂಬ್‌ನೇಲ್ ಮಾಡುವುದು, ಹುಡುಕಾಟಕ್ಕೆ ಇಂಡೆಕ್ಸ್ ಮಾಡುವುದು, ಕ್ಲೌಡ್ ಸಿಂಕ್, ಟೊರೆಂಟ್. ಎಲ್ಲಕ್ಕಿಂತ ಮುಖ್ಯವಾದದ್ದು ಸಿಸಿಟಿವಿ. ನಾಲ್ಕು ಕ್ಯಾಮೆರಾ, ಒಂದೊಂದು ಸೆಕೆಂಡಿಗೆ 4 ಮೆಗಾಬಿಟ್ ಎಂದರೆ ಒಟ್ಟು 2 ಎಂಬಿಯಷ್ಟೇ. ಕೇಳಲು ಅಲ್ಪ. ಆದರೆ ಅದು ಹಗಲಿರುಳು ನಿಲ್ಲದ ಬರೆಹ, ದಿನಕ್ಕೆ ಸುಮಾರು 170 ಜಿಬಿ. ಪ್ರತಿ ಸಲ ಬರೆಯಲು ಡಿಸ್ಕಿನ ಹೆಡ್ ರೀಬಿಲ್ಡ್ ಜಾಗ ಬಿಟ್ಟು ಬೇರೆಡೆ ಹೋಗಿ ಮರಳಬೇಕು. ಕ್ಯಾಮೆರಾದ ಮೆಮೊರಿ ಕಾರ್ಡಿಗೆ ರೆಕಾರ್ಡ್ ಆಗುವಂತೆ ತಿರುಗಿಸಿ.

ವೇಗ ಹೊಂದಿಸುವುದು

4 ಟಿಬಿ ಡಿಸ್ಕ್ ಸರಾಸರಿ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಸುಮಾರು ಏಳೂವರೆ ತಾಸಿಗೆ ರೀಬಿಲ್ಡ್ ಆಗುತ್ತದೆ, 8 ಟಿಬಿ ಹದಿನೈದು ತಾಸಿಗೆ. ಕೆಲಸದ ಒತ್ತಡದಲ್ಲಿ ವೇಗ 40 ಎಂಬಿಗೆ ಇಳಿದರೆ ಅದೇ 4 ಟಿಬಿ 28 ತಾಸು ಹಿಡಿಯುತ್ತದೆ. ಲಿನಕ್ಸ್ ರೇಡ್‌ನಲ್ಲಿ ಎರಡು ಮಿತಿಗಳಿವೆ. ಕನಿಷ್ಠ ಮಿತಿ 1,000, ಗರಿಷ್ಠ 200,000. ಎರಡೂ ಸೆಕೆಂಡಿಗೆ ಕಿಲೋಬೈಟ್ ಲೆಕ್ಕ. ಬೇರೆ ಕೆಲಸ ಬಂದ ಕೂಡಲೇ ರೀಬಿಲ್ಡ್ ಕನಿಷ್ಠ ಮಿತಿಯ ಕಡೆಗೆ ಇಳಿಯುತ್ತದೆ, ಅದು 1,000 ಎಂದರೆ ಸೆಕೆಂಡಿಗೆ 1 ಎಂಬಿ. ಶೇಕಡಾವಾರು ಏರುವುದೇ ಇಲ್ಲ ಎಂದು ಜನ ಗೋಳಾಡುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಹಗಲು ಕನಿಷ್ಠವನ್ನು 40,000ಕ್ಕೆ, ರಾತ್ರಿ ಹತ್ತರ ಮೇಲೆ 150,000ಕ್ಕೆ ಏರಿಸಿ. ಫೋಟೊ ತೆರೆಯುವುದು ತೀರ ತಡವಾದರೆ ಹಗಲಿನದನ್ನು 25,000ಕ್ಕೆ ಇಳಿಸಿ ನೋಡಿ. ರೇಡ್ 5, 6ರಲ್ಲಿ ಸ್ಟ್ರೈಪ್ ಕ್ಯಾಶನ್ನು (ರೇಡ್ ಲೆಕ್ಕಕ್ಕೆ ಬಳಸುವ ಮೆಮೊರಿ) 256ರಿಂದ 4096ಕ್ಕೆ ಏರಿಸಿದರೂ ಸಹಾಯವಾಗುತ್ತದೆ. ನಾಲ್ಕು ಡಿಸ್ಕಿಗೆ ಅದು ತಿನ್ನುವ ಮೆಮೊರಿ 64 ಎಂಬಿ ಮಾತ್ರ.

ಸಿನಾಲಜಿ ಕಂಪನಿಯ ನ್ಯಾಸ್‌ನಲ್ಲಿ ಇದೇ ಹೊಂದಾಣಿಕೆ ಸ್ಟೋರೇಜ್ ಮ್ಯಾನೇಜರ್ ಒಳಗೆ ಸಿಗುತ್ತದೆ. ಟ್ರೂನ್ಯಾಸ್ ತಂತ್ರಾಂಶದಲ್ಲಿ ರಾತ್ರಿ ಹೊತ್ತಿಗೆ ಹೆಚ್ಚು ಆದ್ಯತೆ ಕೊಡುವ ಸಮಯಪಟ್ಟಿ ಇದೆ. ಝೆಡ್‌ಎಫ್‌ಎಸ್ ತುಂಬಿರುವ ಜಾಗವನ್ನು ಮಾತ್ರ ನಕಲು ಮಾಡುವುದರಿಂದ ಅರ್ಧ ಖಾಲಿ ಇರುವ ಡಿಸ್ಕಿಗೆ ಹೊತ್ತೂ ಅರ್ಧದ ಆಸುಪಾಸಿಗೆ ಇಳಿಯುತ್ತದೆ.

ಕರೆಂಟ್, ಬಿಸಿ, ದೂಳು

ಜೆಸ್ಕಾಂ ಲೈನ್ ಹೋದರೂ ಸರ್ವರ್ ಆಫ್ ಆಗಬಾರದು. ಮನೆಯ ಇನ್ವರ್ಟರ್ ಸೈನ್‌ವೇವ್ ಆಗಿರಲಿ, ಅದರ ಸ್ವಿಚ್ ‘ಯುಪಿಎಸ್’ ಕಡೆಗಿರಲಿ. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಹೊತ್ತು ಫ್ಯಾನು-ದೀಪಕ್ಕೆ ಗೊತ್ತಾಗುವುದಿಲ್ಲ. ಪಿಸಿಯ ಪವರ್ ಸಪ್ಲೈ ಪೂರ್ತಿ ಲೋಡಿನಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಹಿಂದೆ 600 ವಿಎ ಯುಪಿಎಸ್ ಇಟ್ಟು ಅದಕ್ಕೆ ಸರ್ವರ್, ರೂಟರ್, ನೆಟ್‌ವರ್ಕ್ ಸ್ವಿಚ್ ಮೂರನ್ನೂ ಹಾಕಿ. ರೂಟರ್ ಆಫ್ ಆದರೆ ಸರ್ವರ್ ಓಡುತ್ತಿದ್ದೂ ಯಾರಿಗೂ ಸಿಗುವುದಿಲ್ಲ. ಸ್ಕ್ವೇರ್‌ವೇವ್ ಇನ್ವರ್ಟರ್ ಹಿಂದೆ ಯುಪಿಎಸ್ ಇಟ್ಟರೆ ಹಲವು ಯುಪಿಎಸ್‌ಗಳು ಆ ಕರೆಂಟನ್ನು ಒಪ್ಪದೆ ತಮ್ಮ ಬ್ಯಾಟರಿಯಲ್ಲೇ ಓಡಿ ಖಾಲಿಯಾಗುತ್ತವೆ. ಇದನ್ನು ಮೊದಲೇ ಮೇನ್ ಆಫ್ ಮಾಡಿ ಹತ್ತು ನಿಮಿಷ ನೋಡಿ ಖಚಿತ ಮಾಡಿಕೊಳ್ಳಿ. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ಕೊಂಡರೆ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗುವಂತೆ ಹೊಂದಿಸಬಹುದು.

ಸರಿಯಾಗಿ ಶಟ್‌ಡೌನ್ ಆದರೆ ರೀಬಿಲ್ಡ್ ಮೊದಲಿಂದ ಶುರುವಾಗುವುದಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ತೊಂದರೆ ಇರುವುದು ದಿಢೀರ್ ಆಫ್ ಆದಾಗ. ಒಂದು ಡಿಸ್ಕ್ ಇಲ್ಲದ ರೇಡ್ 5ಕ್ಕೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡೇಟಾ, ಪ್ಯಾರಿಟಿ (ಕಳೆದುಹೋದದ್ದನ್ನು ಲೆಕ್ಕ ಹಾಕಲು ಇಟ್ಟ ಹೆಚ್ಚುವರಿ ಮಾಹಿತಿ) ಎರಡೂ ಹೊಂದದೆ ಉಳಿಯಬಹುದು, ಲಿನಕ್ಸ್ ಆ ರೇಡನ್ನು ತಾನಾಗಿ ಶುರು ಮಾಡಲು ನಿರಾಕರಿಸುತ್ತದೆ. ಬರೆಹವನ್ನು ಎಸ್‌ಎಸ್‌ಡಿಗೆ ತಿರುಗಿಸಿದ್ದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಸಂಜೆಯ ಗಾಳಿಮಳೆ ನಿಂತು, ಇನ್ವರ್ಟರ್ ಬ್ಯಾಟರಿ ತುಂಬಿದ ಮೇಲೆ, ರಾತ್ರಿ ಹತ್ತರ ಹೊತ್ತಿಗೆ ರೀಬಿಲ್ಡ್ ಶುರು ಮಾಡಿ. ಜನರೂ ಇರುವುದಿಲ್ಲ, ಕೋಣೆಯೂ ತಣ್ಣಗಾಗಿರುತ್ತದೆ, 4 ಟಿಬಿ ಬೆಳಗಾಗುವುದರೊಳಗೆ ಮುಗಿಯುತ್ತದೆ.

ಡಿಸ್ಕ್‌ನ ಬಿಸಿ 45 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. 50 ದಾಟಿದರೆ ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಗಾಳಿ ಎಳೆದುಕೊಳ್ಳುವ ಮುಖಕ್ಕೆ ತಿರುಗಿಸಿಡಿ, 55ಕ್ಕೆ ಬಂದರೆ ಗರಿಷ್ಠ ವೇಗವನ್ನು 60,000ಕ್ಕೆ ಇಳಿಸಿ, ಕನಿಷ್ಠ ಮಿತಿ ಅದಕ್ಕಿಂತ ಕೆಳಗಿರಲಿ. ಏರ್‌ಕೂಲರ್ ಗಾಳಿಯನ್ನು ನೇರವಾಗಿ ಬಿಡಬೇಡಿ. ಪ್ಯಾಡಿನಿಂದ ಸಿಡಿಯುವ ಬೋರ್‌ವೆಲ್ ನೀರಿನ ಉಪ್ಪು ಬೋರ್ಡಿನ ಮೇಲೆ ಕೂರುತ್ತದೆ. ಸಂಡೂರು, ತೋರಣಗಲ್ಲು, ಗಿಣಿಗೇರಾ ಸುತ್ತಲಿನವರಿಗೆ ಅದಿರಿನ, ಕಾರ್ಖಾನೆಯ ದೂಳು ಗೊತ್ತಿರುವುದೇ. ಫಿಲ್ಟರ್, ಫ್ಯಾನುಗಳನ್ನು ರೀಬಿಲ್ಡ್‌ಗೆ ಮುಂಚೆ, ಸರ್ವರ್ ಆಫ್ ಇರುವ ಆ ಹತ್ತು ನಿಮಿಷದಲ್ಲಿ ಬ್ಲೋವರ್‌ನಿಂದ ಊದಿ, ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು. ಜೀನ್ಸ್ ಹೊಲಿಯುವ ಯಂತ್ರವಿರುವ ಮೇಜಿನ ಮೇಲೆ ಸರ್ವರ್ ಇಟ್ಟಿದ್ದರೆ ಇಳಿಸಿ ಬೇರೆಡೆ ಇಡಿ. ಅದುರುವಿಕೆಗೆ ಹೆಡ್ ಟ್ರ್ಯಾಕ್ ತಪ್ಪಿ, ಮತ್ತೆ ಮತ್ತೆ ಓದಬೇಕಾಗುತ್ತದೆ.

ನಡುವೆ ಇನ್ನೊಂದು ಡಿಸ್ಕ್ ತಕರಾರು ಮಾಡಿದರೆ

ರೀಬಿಲ್ಡ್ 70 ಶೇಕಡಾದಲ್ಲಿ ನಿಂತು ಎರಡನೆಯ ಡಿಸ್ಕಿನಲ್ಲಿ ಓದುವ ತಪ್ಪು ಕಂಡರೆ, ಎಲ್ಲ ಬರೆಹ ನಿಲ್ಲಿಸಿ. ಝೆಡ್‌ಎಫ್‌ಎಸ್ ಆಗಿದ್ದರೆ ಯಾವ ಫೈಲ್ ಹಾಳಾಯಿತೆಂದು ಹೆಸರು ಸಮೇತ ಹೇಳಿ, ಮುಂದಕ್ಕೆ ಹೋಗುತ್ತದೆ. ಆ ಫೈಲನ್ನು ಬ್ಯಾಕಪ್‌ನಿಂದ ತಂದರೆ ಮುಗಿಯಿತು. ಎಂಡಿಆಡ್ಮ್ ರೇಡ್ 5ರಲ್ಲಿ ಎರಡನೆಯ ಡಿಸ್ಕೂ ಹೊರಬಿದ್ದಿದ್ದರೆ ಸರ್ವರ್ ಆಫ್ ಮಾಡಿ, ತಪ್ಪು ತೋರಿಸಿದ ಡಿಸ್ಕನ್ನು ಡಿಡಿರೆಸ್ಕ್ಯೂ ಎಂಬ ನಕಲು ಸಾಧನದಿಂದ ಅಷ್ಟೇ ದೊಡ್ಡ ಬೇರೆ ಡಿಸ್ಕಿಗೆ ನಕಲು ಮಾಡಿ. ಅದು ಸುಲಭವಾಗಿ ಓದಬರುವುದನ್ನು ಮೊದಲು ಎತ್ತಿ, ಕಷ್ಟದ ಸೆಕ್ಟರ್‌ಗಳನ್ನು ಕೊನೆಗೆ ಪ್ರಯತ್ನಿಸುತ್ತದೆ. ಮೂಲ ಡಿಸ್ಕ್ ತೆಗೆದಿಟ್ಟು, ನಕಲನ್ನು ಅದರ ಜಾಗಕ್ಕೆ ಹಾಕಿ, ರೇಡನ್ನು ‘ಫೋರ್ಸ್’ ಸೇರಿಸಿ ಜೋಡಿಸಿ. ಕೆಲವು ಸೆಕ್ಟರಿನಷ್ಟು ಡೇಟಾ ಹೋಗಬಹುದು, ಉಳಿದದ್ದು ಬರುತ್ತದೆ. ಈ ಹಂತದಲ್ಲಿ ‘ಕ್ರಿಯೇಟ್’ ಆಜ್ಞೆ ಕೊಟ್ಟವರೇ ಎಲ್ಲವನ್ನೂ ಕಳೆದುಕೊಳ್ಳುವುದು.

8 ಟಿಬಿ ಅಥವಾ ದೊಡ್ಡ ಡಿಸ್ಕ್‌ಗಳಿಗೆ ರೇಡ್ 5 ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಾಲ್ಕು ಡಿಸ್ಕಿದ್ದರೆ ಎರಡು ಮಿರರ್ ಜೋಡಿ (ಒಂದು ಡಿಸ್ಕಿನ ಪೂರ್ತಿ ನಕಲು ಇನ್ನೊಂದರಲ್ಲಿ) ಮಾಡಿ. ಜಾಗ ಅರ್ಧ ಹೋಗುತ್ತದೆ ನಿಜ, ಆದರೆ ರೀಬಿಲ್ಡ್‌ಗೆ ಒಂದೇ ಡಿಸ್ಕ್ ಓದಿದರೆ ಸಾಕು, ಇನ್ನೊಂದು ಜೋಡಿಗೆ ಆ ಕೆಲಸದ ಬಿಸಿಯೇ ತಟ್ಟುವುದಿಲ್ಲ.

ಮುಗಿದ ಮೇಲೆ

ಹಸಿರು ದೀಪ ಕಂಡ ಕೂಡಲೇ ಶೇರ್ ತೆರೆಯಬೇಡಿ. ಡಿಸ್ಕ್‌ಗಳು ತಣ್ಣಗಾಗಲು ಒಂದು ತಾಸು ಬಿಟ್ಟು, ನಾಲ್ಕರ ಸ್ಮಾರ್ಟ್ ವರದಿಯನ್ನೂ ರೀಬಿಲ್ಡ್‌ಗೆ ಮುಂಚಿನದರ ಜತೆ ಹೋಲಿಸಿ. 197 ಎಲ್ಲಾದರೂ ಏರಿದ್ದರೆ ಮುಂದಿನ ಸರದಿ ಅದರದು. ಆಮೇಲೆ ವೇಗದ ಮಿತಿಗಳನ್ನು ಹಳೆಯದಕ್ಕೆ ತಂದು, ಶೇರನ್ನು ಬರೆಯಲು ತೆರೆದು, ‘ಹೊಸದು’ ಎಸ್‌ಎಸ್‌ಡಿಯಲ್ಲಿರುವುದನ್ನು ಸರ್ವರಿಗೆ ನಕಲು ಮಾಡಿ. ನಕಲು ಸರಿಯಿದೆಯೇ ಎಂದು ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿದ ಮೇಲೆಯೇ ಕ್ಯಾಮೆರಾ ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡಲು ಹೇಳಿ. ಅದೇ ವಾರದ ಭಾನುವಾರ ಒಂದು ಪೂರ್ತಿ ಸ್ಕ್ರಬ್ ಓಡಿಸಿ.

ಹಳೆಯ ಡಿಸ್ಕ್ ವಾರಂಟಿಯಲ್ಲಿದ್ದರೆ ಕಳಿಸುವ ಮುಂಚೆ, ಅದಕ್ಕೆ ಇನ್ನೂ ಬರೆಯಲು ಬರುತ್ತಿದ್ದರೆ, ಅದನ್ನು ಸೊನ್ನೆಗಳಿಂದ ತುಂಬಿ ಅಳಿಸಿ. ರೇಡ್‌ನ ಒಂದು ಡಿಸ್ಕಿನಲ್ಲೂ ಗಿರಾಕಿಗಳ ಚಿಕ್ಕ ಫೈಲುಗಳು ಓದಲು ಸಿಗಬಹುದು. ಹೊಸ ಡಿಸ್ಕಿನ ಸೀರಿಯಲ್ ನಂಬರನ್ನು ಟ್ರೇ ಸ್ಟಿಕ್ಕರಿನ ಮೇಲೆ ಬರೆಯಿರಿ. ಬೀರುವಿನಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಸ್ಪೇರ್ ತರಿಸಿ, ಸಾಧ್ಯವಾದರೆ ಬೇರೆ ಬ್ಯಾಚಿನದು, ಬಂದ ದಿನವೇ ಬ್ಯಾಡ್‌ಬ್ಲಾಕ್ಸ್‌ಗೆ ಹಚ್ಚಿ.